ಸಂಪಾದಕರ ಉತ್ತರ: ಓದಿದವರನ್ನೇ ಹೊರಗಟ್ಟಿದರೆ ಉಳಿಯುವವರು ಯಾರು?

ಹುಬ್ಬಳ್ಳಿಯ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಬೈಬಲ್ಲಿನಲ್ಲಿ ತಪ್ಪುಗಳಿವೆಯೇ ಎಂದು ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರು (ಬೈಬಲ್ಲೇ ಪರಮ ಪ್ರಮಾಣವೆಂದು ನಂಬುವ ಪ್ರೊಟೆಸ್ಟಂಟರು) ನಡೆಸುತ್ತ ಬಂದಿರುವ ಜಗಳದ ಕುರಿತ ನಮ್ಮ ಲೇಖನ ಅವರಿಗೆ ಹಿಡಿಸಿಲ್ಲ. "ಒಂದೇ ಒಂದು ತಪ್ಪು ಒಪ್ಪಿಕೊಂಡರೂ ಆಮೇಲೆ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು?" ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಆತಂಕ ನಿಜವಾದದ್ದೇ. 1978ರಲ್ಲಿ ಷಿಕಾಗೊದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಬೈಬಲ್ ದೋಷರಹಿತವೆಂಬ ಹೇಳಿಕೆಗೆ ಸಹಿ ಹಾಕಿದ್ದು ಇದೇ ಆತಂಕದಿಂದ. ಅವರೇನು ದಡ್ಡರಲ್ಲ. ದುಂಡು ಅಂಕಿಗಳನ್ನು ತಪ್ಪೆನ್ನಬಾರದು, ದೋಷವಿಲ್ಲವೆಂಬ ಮಾತು ಮೂಲ ಹಸ್ತಪ್ರತಿಗಳಿಗೆ ಸಂಬಂಧಿಸಿದ್ದು ಎಂದು ಅವರೇ ಬರೆದಿದ್ದಾರೆ. ಆ ಪ್ರತಿಗಳು ಇಂದು ಯಾರ ಬಳಿಯೂ ಇಲ್ಲ.

ಈಗ ದಯವಿಟ್ಟು ನಿಮ್ಮ ಬೈಬಲ್ ತೆರೆಯಿರಿ. ಮಾರ್ಕನ ಎರಡನೆಯ ಅಧ್ಯಾಯದಲ್ಲಿ, ಹಸಿದ ದಾವೀದ ನೈವೇದ್ಯದ ರೊಟ್ಟಿ ತಿಂದದ್ದನ್ನು ಯೇಸುಸ್ವಾಮಿ ನೆನಪಿಸುತ್ತಾರೆ. ಮಹಾಯಾಜಕನ ಹೆಸರು ಅಲ್ಲಿ ಎಬ್ಯಾತಾರ. ಮೊದಲನೆಯ ಸಮುವೇಲನ 21ನೆಯ ಅಧ್ಯಾಯ ನೋಡಿದರೆ ರೊಟ್ಟಿ ಕೊಟ್ಟವನು ಅಹೀಮೆಲೆಕ, ಎಬ್ಯಾತಾರನ ತಂದೆ. ಇದನ್ನು ಕಂಡವರು ನಾಸ್ತಿಕರಲ್ಲ, ಭಕ್ತಿಯಿಂದ ಸಾಲುಸಾಲಾಗಿ ಓದಿದವರು.

ಹೆರಾಲ್ಡ್ ಲಿಂಡ್ಸೆಲ್ ಎಂಬ ಪತ್ರಿಕಾ ಸಂಪಾದಕರು 1976ರಲ್ಲಿ ತಪ್ಪೇ ಇಲ್ಲವೆಂದು ವಾದಿಸಿ ಒಂದು ಪುಸ್ತಕ ಬರೆದರು. ಕೋಳಿ ಕೂಗುವ ಹೊತ್ತಿನ ಪ್ರಸಂಗದಲ್ಲಿ ನಾಲ್ಕು ಸುವಾರ್ತೆಗಳನ್ನು ಹೊಂದಿಸಲು ಶಿಷ್ಯ ಪೇತ್ರನಿಂದ ಯೇಸುವನ್ನು ಆರು ಸಲ ಅಲ್ಲಗಳೆಸಿದರು! ನಾಲ್ಕರಲ್ಲೂ ಇರುವುದು ಮೂರೇ. ಗ್ರಂಥವನ್ನು ಕಾಪಾಡಲು ಹೊರಟು ಗ್ರಂಥದಲ್ಲಿಲ್ಲದ ಕಥೆಯನ್ನು ಸೇರಿಸುವುದು ಯಾವ ಗೌರವ?

ನನ್ನನ್ನು ಹೆಚ್ಚು ನೋಯಿಸುವುದು ಬೈಬಲ್ ವಿದ್ವಾಂಸ ರಾಬರ್ಟ್ ಗಂಡ್ರಿಯವರ ಪ್ರಕರಣ. ಅವರು ಬೈಬಲ್ಲಿನಲ್ಲಿ ತಪ್ಪಿದೆ ಎಂದವರೇ ಅಲ್ಲ. ಮತ್ತಾಯ ಕೆಲವು ಪ್ರಸಂಗಗಳನ್ನು ಯೆಹೂದ್ಯರ ವ್ಯಾಖ್ಯಾನ ಪದ್ಧತಿಯಲ್ಲಿ ಕಟ್ಟಿದ್ದಾನೆ, ಯೇಸುವಿನ ಜನನದ ಕಥೆಯಲ್ಲಿ ಕುರುಬರ ಜಾಗಕ್ಕೆ ಜೋಯಿಸರನ್ನು ತಂದಿದ್ದಾನೆ ಎಂದು ತಮ್ಮ ವ್ಯಾಖ್ಯಾನದಲ್ಲಿ ಬರೆದರು, ಅಷ್ಟೇ. 1983ರಲ್ಲಿ ಅವರು ಸದಸ್ಯರಾಗಿದ್ದ ವಿದ್ವಾಂಸರ ಸಂಘ, ಇವ್ಯಾಂಜೆಲಿಕಲ್ ಥಿಯಾಲಜಿಕಲ್ ಸೊಸೈಟಿ, ಮತಕ್ಕೆ ಹಾಕಿತು: ರಾಜೀನಾಮೆ ಕೊಡಲಿ ಎಂದವರು 116, ಬೇಡವೆಂದವರು 41. ಮತ್ತಾಯನನ್ನು ಹೇಗೆ ಓದಬೇಕೆಂಬುದು ಕೈಯೆಣಿಕೆಯಲ್ಲಿ ತೀರ್ಮಾನವಾಗುವ ಸಂಗತಿಯೇ? ಮುಂದೆ ಮೈಕಲ್ ಲಿಕೋನಾ ಅವರಿಗೂ ಇದೇ ಪಾಡು. ಯೇಸುವಿನ ಪುನರುತ್ಥಾನ ಚರಿತ್ರೆಯಲ್ಲಿ ನಡೆದದ್ದೇ ಎಂದು ಸಾಧಿಸಲು ದೊಡ್ಡ ಗ್ರಂಥ ಬರೆದವರು ಅವರು. ಮತ್ತಾಯ 27ರಲ್ಲಿ ಸತ್ತ ಭಕ್ತರು ಎದ್ದು ಬಂದ ಎರಡು ವಚನಗಳು ಕಾವ್ಯದ ಮಾತಿರಬಹುದು ಎಂದದ್ದಕ್ಕೆ 2011ರಲ್ಲಿ ಅವರ ಮೇಲೆ ಬಹಿರಂಗ ಪತ್ರಗಳ ದಾಳಿ ನಡೆಯಿತು.

ಒಂದು ತಪ್ಪು ಒಪ್ಪಿದರೆ ಎಲ್ಲ ಕುಸಿಯುತ್ತದೆ ಎನ್ನುತ್ತೀರಿ. ಸ್ಕಾಟ್ಲೆಂಡಿನ ದೇವತಾಶಾಸ್ತ್ರಜ್ಞ ಜೇಮ್ಸ್ ಆರ್ ಅವರು ಈ ದೋಷರಹಿತ ವಾದವನ್ನು ಒಪ್ಪಲಿಲ್ಲ, ಆದರೂ ಕೊನೆಯವರೆಗೆ ಕ್ರಿಸ್ತನ ದೈವತ್ವವನ್ನು ಸಮರ್ಥಿಸಿದರು. ಅವರ ವಿಶ್ವಾಸವೇನೂ ಕುಸಿಯಲಿಲ್ಲ.

ನಮ್ಮ ಚರ್ಚ್ ಸಭೆಗಳೇನು ಕಡಿಮೆ? ಸಂಡೇ ಸ್ಕೂಲಿನಲ್ಲಿ ಮಗುವೊಂದು "ಇಲ್ಲಿ ಒಂದು ಹೆಸರಿದೆ, ಅಲ್ಲಿ ಇನ್ನೊಂದಿದೆಯಲ್ಲ" ಎಂದರೆ "ಸುಮ್ಮನೆ ಕೂತ್ಕೋ" ಎನ್ನುತ್ತೇವೆ. ಆ ಮಗು ಎರಡು ಪುಸ್ತಕ ಹೋಲಿಸಿ ಓದಿದೆ ಎಂಬುದು ನಮಗೆ ಕಾಣುವುದೇ ಇಲ್ಲ. ಅದೇ ಹುಡುಗ ಕಾಲೇಜು ಮುಗಿಸಿ ಸಭೆಗೆ ಬರುವುದನ್ನೇ ಬಿಟ್ಟಾಗ ಕಾಲ ಕೆಟ್ಟಿತೆಂದು ಪ್ರಾರ್ಥನೆಗೆ ಕೂರುತ್ತೇವೆ.