ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗೆ 8 ಜಿಬಿ ತೆಗೆಸಿ 16 ಜಿಬಿ ರ‍್ಯಾಮ್ ಹಾಕಿಸಿದರೆ 3ಡಿ ಕೆಲಸ ಚುರುಕಾಗುತ್ತಾ? ಖರ್ಚಿಗೆ ತಕ್ಕ ಲಾಭ ಇದೆಯಾ?

ಕಲಬುರಗಿಯಲ್ಲಿ ಸಿವಿಲ್ ಓದುತ್ತಿದ್ದೀರಿ, ಮಾಡೆಲ್ ತಿರುಗಿಸಿದರೆ ತಡವರಿಸುತ್ತದೆ ಅಂದಿರಿ. ನನ್ನದೂ ಇದೇ ಗೋಳು ಇತ್ತು. ಡಿಪ್ಲೊಮಾ ಮುಗಿಸಿ ಬೀದರಿನಲ್ಲಿ ಮನೆಗಳ ಎಲಿವೇಶನ್ (ಹೊರನೋಟದ ಚಿತ್ರ) ಮಾಡಿಕೊಡಲು ಶುರು ಮಾಡಿದ್ದೆ. ಇಂಟೆಲ್ 11ನೇ ಜನರೇಶನ್ ಐ5 ಪ್ರೊಸೆಸರ್, ಅದರೊಳಗೇ ಇರುವ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್, 4 ಜಿಬಿಯ ಎರಡು ರ‍್ಯಾಮ್ ಸ್ಟಿಕ್. ಸ್ಕೆಚ್‌ಅಪ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಎರಡಂತಸ್ತಿನ ಮನೆ ತಿರುಗಿಸಿದರೆ ಸಾಕು, ಪರದೆ ಜಗ್ಗುತ್ತಿತ್ತು.

ಅಂಗಡಿಯವರು ಹೇಳಿದರು: ‘16ರದ್ದು ಒಂದೇ ಸ್ಟಿಕ್ ಹಾಕ್ತೀನ್ರಿ, ಹಳೇವು ಎರಡೂ ಕೊಡ್ರಿ, ಅದರ ರೊಕ್ಕ ಮುರಕೋತೀನಿ.’ ಮುಂದೆ ಇನ್ನೊಂದು ಹಾಕಲು ಜಾಗವೂ ಉಳಿಯುತ್ತದಲ್ಲ ಎಂದು ನಾನೂ ಒಪ್ಪಿದೆ.

ಮನೆಗೆ ಬಂದು ನೋಡಿದರೆ ಫೈಲ್‌ಗಳು ಬೇಗ ತೆರೆಯುತ್ತಿದ್ದವು. ಆದರೆ ಮಾಡೆಲ್ ತಿರುಗಿಸುವುದು ಮೊದಲಿಗಿಂತ ಕಷ್ಟವಾಗಿತ್ತು! ಡಿವೈಸ್ ಮ್ಯಾನೇಜರ್ ತೆರೆದರೆ ಐರಿಸ್ ಎಕ್ಸ್‌ಇ ಎಂಬ ಹೆಸರೇ ಇಲ್ಲ, ಬರೀ ‘ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್’ ಅಂತ ಇತ್ತು. ಒಳಗಿನ ಏನನ್ನೋ ಬದಲಾಯಿಸಿಬಿಟ್ಟರು ಎಂದು ಗಾಬರಿಯಾಯಿತು. ಡ್ರೈವರ್ ಹಾಕಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಏನೂ ಆಗಲಿಲ್ಲ.

ಚಿಪ್ ಅದೇ ಇತ್ತು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ನಿಮ್ಮ ರ‍್ಯಾಮ್‌ನಿಂದಲೇ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ರ‍್ಯಾಮ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಬರುತ್ತದೆ ಅನ್ನುವುದೇ ಮುಖ್ಯ. ಡಿಡಿಆರ್4 3200 ಬಗೆಯ ರ‍್ಯಾಮ್ ಒಂದು ಚಾನೆಲ್‌ನಲ್ಲಿ, ಅಂದರೆ ಪ್ರೊಸೆಸರ್‌ಗೆ ಹೋಗುವ ಒಂದು ದಾರಿಯಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಚಾನೆಲ್ ಇದ್ದರೆ 51.2. ಒಂದೇ ಸ್ಟಿಕ್ ಹಾಕಿದರೆ ಒಂದೇ ಚಾನೆಲ್ ಸಿಗುತ್ತದೆ. ನಾನು ಸಂಪು ದೊಡ್ಡದು ಮಾಡಿಸಿ, ಎರಡು ಪೈಪಿನಲ್ಲಿ ಒಂದನ್ನು ಕಿತ್ತು ಹಾಕಿದ್ದೆ. ಎರಡು ಚಾನೆಲ್ ಸಿಕ್ಕರೆ ಮಾತ್ರ ಇಂಟೆಲ್ ಅದನ್ನು ಐರಿಸ್ ಎಕ್ಸ್‌ಇ ಎಂದು ತೋರಿಸುತ್ತದೆ, ಇಲ್ಲದಿದ್ದರೆ ಯುಎಚ್‌ಡಿ. 16ರ ಜೊತೆ ಹಳೇ 4ರ ಒಂದು ಸ್ಟಿಕ್ ಬಿಟ್ಟುಕೊಂಡಿದ್ದರೂ ಎರಡರಿಂದಲೂ ನಾಲ್ಕು ನಾಲ್ಕು ಸೇರಿ 8 ಜಿಬಿಯಷ್ಟು ಭಾಗ ಎರಡು ಚಾನೆಲ್‌ನಲ್ಲೇ ಓಡುತ್ತಿತ್ತು. ಅದನ್ನೂ ಕೊಟ್ಟು ಬಂದಿದ್ದೆ. ಕೊನೆಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗಿ ಅದೇ ಸ್ಪೀಡಿನ ಇನ್ನೊಂದು 16 ತಂದೆ. ಹಾಕಿದ ಕೂಡಲೇ ಐರಿಸ್ ಹೆಸರು ವಾಪಸ್ ಬಂತು, ಮಾಡೆಲ್ ಸಲೀಸಾಗಿ ತಿರುಗಿತು. ನನಗೆ ಬೇಕಿದ್ದದ್ದು 8ರ ಎರಡು ಸ್ಟಿಕ್ ಅಷ್ಟೇ. ಖರ್ಚು ಮಾಡಿದ್ದು ಅದರ ಡಬಲ್.

ಅದಕ್ಕೇ 8 ಸಾಕಾ, 16 ಬೇಕಾ ಎಂಬ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ತೆರೆದು ‘ಸ್ಲಾಟ್ಸ್ ಯೂಸ್ಡ್’ ನೋಡಿ, ಸ್ಟಿಕ್ ಕೂರುವ ಜಾಗಗಳಲ್ಲಿ ಎಷ್ಟು ತುಂಬಿವೆ ಅಂತ ತೋರಿಸುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ಇರುವ 8 ಜಿಬಿ ತೆಗೆಸಲೇಬೇಡಿ. ಅದೇ ಸ್ಪೀಡಿನ ಇನ್ನೊಂದು 8 ಸೇರಿಸಿ. ಕಮ್ಮಿ ರೊಕ್ಕದಲ್ಲಿ ಇದಕ್ಕಿಂತ ಜಾಸ್ತಿ ಲಾಭ ಬೇರೆ ಯಾವುದರಲ್ಲೂ ಇಲ್ಲ. ಎರಡೂ ತುಂಬಿದ್ದರೆ ಎರಡನ್ನೂ ಬದಲಿಸಬೇಕಾಗುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಏನೂ ಮಾಡಲಾಗದು. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಬಿಲ್ ಮಾಡಿಸುವ ಮೊದಲೇ ನೋಡಿಕೊಳ್ಳಿ.

ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಜೋರಾಗಿ ಏರಿತು. ಸುಮ್ನೆ 32ಕ್ಕೆ ಹೋಗಬೇಡಿ. ಮಾಡೆಲ್‌ನಿಂದ ಫೋಟೊದಂಥ ಚಿತ್ರ ತೆಗೆಯುವ ಲ್ಯೂಮಿಯಾನ್‌ನಂಥ ಸಾಫ್ಟ್‌ವೇರ್ ಓಡಿಸುವ ಆಸೆ ಇದ್ದರಂತೂ ರ‍್ಯಾಮ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಕಾರ್ಡ್ ಇರುವ ಲ್ಯಾಪ್‌ಟಾಪ್‌ಗೆ ಕೂಡಿಡಿ.

ಇನ್ನೊಂದು ಮಾತು. ನಿಮ್ಮ ಊರಿನ ಮೇ ಬಿಸಿಲು ಗೊತ್ತಲ್ವಾ? ಫ್ಯಾನ್‌ನಲ್ಲಿ ಧೂಳು ತುಂಬಿದ್ದರೆ ಬಿಸಿ ಏರಿ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ. ಅಂಗಡಿಗೆ ಹೋಗುವ ಮೊದಲು ಅದನ್ನು ಕ್ಲೀನ್ ಮಾಡಿಸಿ, ಒಮ್ಮೆ ಮಾಡೆಲ್ ತಿರುಗಿಸಿ ನೋಡಿ.