ಒಂದೇ ಕಾಲಿನ ಊತಕ್ಕೆ ಮಸಾಜ್ ಮಾಡಬಹುದೇ?

ಪ್ರಶ್ನೆ: ನಾನು ಮಸಾಜ್ ಥೆರಪಿ ವಿದ್ಯಾರ್ಥಿನಿ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರ ಕಳೆದವರೊಬ್ಬರು ಮೀನಖಂಡದ ನೋವೆಂದು ಬಂದರೆ, ಹಗುರವಾಗಿಯಾದರೂ ಎಣ್ಣೆ ಹಚ್ಚಿ ತಿಕ್ಕಬಹುದೇ?

ಉತ್ತರ: ದಯವಿಟ್ಟು ಬೇಡ. ಮೀನಖಂಡದ ಸ್ನಾಯುಗಳ ನಡುವೆ ಹಾದುಹೋಗುವ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಒತ್ತಡಕ್ಕೆ ಆ ಹೆಪ್ಪಿನ ಚೂರು ಕಳಚಿ, ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಬಹುದು, ಅದು ಪ್ರಾಣಾಪಾಯ. ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಒಂದೇ ಕಾಲು ಊದಿದೆಯೇ, ಚರ್ಮ ಬಿಗಿದು ಕೆಂಪಾಗಿದೆಯೇ, ಅಂಗೈಯ ಹಿಂಬದಿಗೆ ಬಿಸಿ ತಾಗುತ್ತದೆಯೇ? ಈ ಲಕ್ಷಣಗಳು ಇಲ್ಲದೆಯೂ ಹೆಪ್ಪು ಇರಬಹುದಾದ್ದರಿಂದ, ಶಸ್ತ್ರಚಿಕಿತ್ಸೆ, ದೀರ್ಘಕಾಲದ ಹಾಸಿಗೆವಾಸ, ಗರ್ಭಧಾರಣೆ ಅಥವಾ ದೀರ್ಘ ಪ್ರಯಾಣದ ನಂತರ ಬರುವ ಮೀನಖಂಡದ ನೋವನ್ನು ಸ್ನಾಯುಸೆಳೆತವೆಂದು ನಾವೇ ತೀರ್ಮಾನಿಸಬಾರದು. ಪಾದವನ್ನು ಮೇಲಕ್ಕೆ ಬಗ್ಗಿಸಿ ನೋವನ್ನು ಪರೀಕ್ಷಿಸುವ ಹಳೆಯ ಕ್ರಮವೂ ನಂಬಲರ್ಹವಲ್ಲ. ಅಂದೇ ವೈದ್ಯರ ಬಳಿ ಕಳುಹಿಸಿ; ಡಾಪ್ಲರ್ ಸ್ಕ್ಯಾನ್‌ನಿಂದ ಸಾಮಾನ್ಯವಾಗಿ ವಿಷಯ ತಿಳಿಯುತ್ತದೆ. ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ಆರೋಗ್ಯವಂತರ ಕಾಲಿಗೂ ಮಂಡಿಯ ಹಿಂದಿನ ಗುಳಿಯಲ್ಲಿ ಹೆಬ್ಬೆರಳಿನಿಂದ ಆಳವಾಗಿ ಒತ್ತಬೇಡಿ. ಅಲ್ಲಿ ನರಕ್ಕೂ ರಕ್ತನಾಳಗಳಿಗೂ ಸ್ನಾಯುವಿನ ರಕ್ಷಣೆ ತೀರ ಕಡಿಮೆ.