ಮಳೆಗಾಲದಲ್ಲಿ ಟ್ರೇನರ್ ತಗೊಳ್ಳಲಾ, ಕಾರ್ಬನ್ ವೀಲ್ ತಗೊಳ್ಳಲಾ? ಮೊದಲು ಸೈಕಲ್ಲಿನ ಹಿಂದಿನ ಹಲ್ಲು ಎಣಿಸಿ

ಒಂದು ಲಕ್ಷ ಕೂಡಿಟ್ಟಿದ್ದೀರಿ. ಮಳೆ ಮುಗಿಯುವ ತನಕ ಮನೆಯಲ್ಲೇ ತುಳಿಯಲು ಸ್ಮಾರ್ಟ್ ಟ್ರೇನರ್ (ಸೈಕಲ್ಲನ್ನು ಸಿಕ್ಕಿಸಿ ನಿಂತಲ್ಲೇ ತುಳಿಯುವ ಸಾಧನ) ತಗೊಳ್ಳಬೇಕಾ, ಇಲ್ಲಾ ಸೈಕಲ್ಲಿಗೆ ಹಗುರದ ಕಾರ್ಬನ್ ವೀಲ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ಡಿಸೆಂಬರಿನಲ್ಲಿ ಕಲ್ಲಟ್ಟಿ ಘಾಟಿಯ ಮೇಲೆ ಊಟಿಗೆ ಹತ್ತಬೇಕು ಅಂದಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಎಡಮಂಡಿ ಚುಳುಕ್ ಅಂದಿತು.

2022ರ ಮಳೆಗಾಲ ನೆನಪಿದೆಯಲ್ವಾ? ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವರ್ಷ. ಆ ಜೂನ್‌ನಲ್ಲೇ ನಾನು ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ ತಗೊಂಡೆ. ರೇಸ್ ಓಡಿಸುತ್ತಿದ್ದ ಹುಡುಗನದು. ಕಪ್ಪು ಬಣ್ಣ, 50 ಮಿ.ಮೀ. ಆಳದ ಕಾರ್ಬನ್ ವೀಲ್, ಒಂದು ಗೀರಿಲ್ಲ. ಮನೆಗೆ ತಂದು ಹಾಲಿನ ಗೋಡೆಗೆ ಒರಗಿಸಿ, ಹಳೇ ಬೆಡ್‌ಶೀಟ್ ಹೊದಿಸಿಟ್ಟೆ. ಇಂಥದ್ದನ್ನು ಈ ಕೆಸರಿನಲ್ಲಿ ಯಾರಾದರೂ ಇಳಿಸುತ್ತಾರಾ? ಮದುವೆಗೆ ಅಂತ ಎತ್ತಿಟ್ಟ ರೇಷ್ಮೆ ಸೀರೆ ಹಾಗೆ ಊಟಿಗೇ ಅಂತ ಎತ್ತಿಟ್ಟೆ.

ಹಳೇ ಅಲ್ಯೂಮಿನಿಯಂ ಸೈಕಲ್ಲನ್ನು ಬಾಲ್ಕನಿಯಲ್ಲಿ ಟ್ರೇನರ್‌ಗೆ ಸಿಕ್ಕಿಸಿದೆ. ಟೈರಿಗೆ ಉರುಳೆ ಒತ್ತಿಕೊಳ್ಳುವ ಅಗ್ಗದ ಟ್ರೇನರ್. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಐದೂವರೆಗೆ. ಎರಡನೇ ವಾರದಲ್ಲಿ ಕೆಳಗಿನ ಮನೆ ಆಂಟಿ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು: "ಏನಪ್ಪಾ, ದಿನಾ ಇಷ್ಟು ಬೇಗ ಗ್ರೈಂಡರ್ ಹಾಕ್ತೀರಾ? ಮನೇಲಿ ಇರೋದು ಇಬ್ಬರೇ ಅಲ್ವಾ?" ಇಡ್ಲಿ ಹಿಟ್ಟಲ್ಲ, ಸೈಕಲ್ಲು ಅಂತ ವಿವರಿಸುವಷ್ಟರಲ್ಲಿ ನನಗೇ ನಗು ಬಂತು. ಐದು ತಿಂಗಳು ಬಿಡದೆ ತುಳಿದೆ. ಟೈರು ಸವೆದು ಬಾಲ್ಕನಿಯ ಟೈಲ್ಸ್ ಮೇಲೆ ಕರೀ ಪುಡಿ. ಬೆವರು ಬಿದ್ದು ಹ್ಯಾಂಡಲ್ಲಿನ ಬೋಲ್ಟುಗಳಿಗೆ ತುಕ್ಕು. ಆದರೆ ಪರದೆಯ ಮೇಲಿನ ಅಂಕಿ ಏರಿತು. ಒಂದು ಗಂಟೆ 195 ವಾಟ್ (ಕಾಲು ಪೆಡಲಿಗೆ ಹಾಕುವ ಶಕ್ತಿಯ ಅಳತೆ) ಹಿಡಿಯಬಲ್ಲೆ ಅಂತ ಅದು ಹೇಳಿತು. ನಾನೂ ನಂಬಿದೆ. ಅದು ಸುಳ್ಳೇನೂ ಅಲ್ಲ.

ಹೊಸ ಸೈಕಲ್ಲನ್ನು ರಸ್ತೆಗೆ ಇಳಿಸಿದ್ದು ಒಂದೇ ಸಲ, ನವೆಂಬರಿನ ಒಂದು ಭಾನುವಾರ. ಹೆಬ್ಬಾಳದಿಂದ ದೇವನಹಳ್ಳಿ, ವಾಪಸ್ಸು. ಬಳ್ಳಾರಿ ರಸ್ತೆ ಗೊತ್ತಲ್ಲ, ಅಲ್ಲಿ ಎಂಥ ಸೈಕಲ್ಲಾದರೂ ಹಾರುತ್ತದೆ. ಬಂದು ಮತ್ತೆ ಬೆಡ್‌ಶೀಟ್ ಹೊದಿಸಿದೆ.

ಇಲ್ಲೇ ಎಡವಿದ್ದು. ಇದನ್ನು ಬಿಡಿಸಿ ಹೇಳಲೇಬೇಕು, ಸ್ವಲ್ಪ ಲೆಕ್ಕ ಬರುತ್ತದೆ, ಸಹಿಸಿಕೊಳ್ಳಿ.

ನನ್ನ ಹಳೇ ಸೈಕಲ್ಲಿನಲ್ಲಿ ಮುಂದೆ ಪೆಡಲಿನ ಹತ್ತಿರದ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಕ್ಯಾಸೆಟ್ಟಿನ (ಹಿಂದಿನ ವೀಲಿನ ಹಲ್ಲುಚಕ್ರಗಳ ಗೊಂಚಲು) ದೊಡ್ಡದಕ್ಕೆ 32. ಹೊಸದು ರೇಸಿನವರದಲ್ವಾ, ಮುಂದೆ 36, ಹಿಂದೆ 28. ನೋಡಲು ಎರಡೂ ಒಂದೇ ಥರ. ನಾಲ್ಕು ಹಲ್ಲು ಆಚೆ ಈಚೆ, ಅದೇನು ಮಹಾ ಅಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೂ ಅಂದುಕೊಳ್ಳಲಿಲ್ಲ, ಎಣಿಸಲೇ ಇಲ್ಲ. ವೀಲ್ ಒಂದು ಸುತ್ತು ಸುತ್ತಿದರೆ 2.1 ಮೀಟರ್ ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿಸಿದರೆ ಹಳೇ ಸೈಕಲ್ 2.23 ಮೀಟರ್ ಮುಂದೆ ಹೋಗುತ್ತಿತ್ತು, ಹೊಸದು 2.7 ಮೀಟರ್. ಸಪಾಟು ರಸ್ತೆಯಲ್ಲಿ ಇದು ಲೆಕ್ಕಕ್ಕೇ ಬರಲ್ಲ. ಆದರೆ ಶೇ. 9-10ರ ಏರಿನಲ್ಲಿ ನನ್ನ ಕೈಲಾಗುವುದು ಗಂಟೆಗೆ 8 ಕಿ.ಮೀ. ನಾನು 70 ಕೆಜಿ, ಸೈಕಲ್ಲು, ನೀರು, ಪಂಪು ಎಲ್ಲ ಸೇರಿ 80. ಆ ವೇಗಕ್ಕೇ ಹತ್ತಿರ ಹತ್ತಿರ 185 ವಾಟ್ ಬೇಕು. ಅದಕ್ಕಿಂತ ಜಾಸ್ತಿ ಜೋರಾಗಿ ಹೋಗೋಣ ಅಂದರೆ ಎಂಜಿನ್ನೇ ಇಲ್ಲ. ಆ ವೇಗದಲ್ಲಿ ಹಳೇ ಸೈಕಲ್ಲಾದರೆ ನಿಮಿಷಕ್ಕೆ 60 ಸುತ್ತು ತುಳಿಯಬಹುದು. ಹೊಸದರಲ್ಲಿ 49.

ಹನ್ನೊಂದು ಸುತ್ತು ಕಡಿಮೆ, ಒಳ್ಳೇದೇ ಆಯ್ತಲ್ಲ ಅನಿಸಬಹುದು. ಅಲ್ಲ. ವಾಟ್ ಅಷ್ಟೇ ಇದ್ದು ಸುತ್ತು ಕಡಿಮೆಯಾದರೆ ಪ್ರತಿ ಸುತ್ತಿಗೂ ಅಷ್ಟು ಹೆಚ್ಚು ಒತ್ತಬೇಕು. ಐದು ತಿಂಗಳು ಬಾಲ್ಕನಿಯಲ್ಲಿ ನಾನು ತುಳಿದದ್ದು ನಿಮಿಷಕ್ಕೆ 90 ಸುತ್ತು. ಎದೆ, ಉಸಿರು ಎಲ್ಲ ತಯಾರಾಗಿದ್ದವು. ಆದರೆ 90ರಲ್ಲಿ ತುಳಿದ 185 ವಾಟಿಗೂ 49ರಲ್ಲಿ ತುಳಿದ 185 ವಾಟಿಗೂ ಮಂಡಿಯ ಮೇಲೆ ಬೀಳುವ ಭಾರ ಒಂದೇ ಅಲ್ಲ. ಸುಮಾರು 1.8 ಪಟ್ಟು. ಟ್ರೇನರಿನ ಪರದೆಯಲ್ಲಿ ವಾಟ್ ಕಾಣುತ್ತಿತ್ತು, ಮಂಡಿ ಕಾಣುತ್ತಿರಲಿಲ್ಲ.

ಡಿಸೆಂಬರಿನಲ್ಲಿ ನಾಲ್ಕು ಜನ ಟೆಂಪೋ ಮಾಡಿಕೊಂಡು ಹೊರಟೆವು. ಸೈಕಲ್‌ಗಳ ನಡುವೆ ಬೆಡ್‌ಶೀಟ್ ತುರುಕಿ, ಹಳೇ ಟ್ಯೂಬಿನಲ್ಲಿ ಬಿಗಿದು ಕಟ್ಟಿದ್ದೆವು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಗಾಡಿ ಬಿಡಲ್ಲ. ಅದಕ್ಕೆ ರಾತ್ರಿ ಗುಂಡ್ಲುಪೇಟೆಯಲ್ಲಿ ಉಳಿದು, ಬೆಳಗ್ಗೆ ಕಾಡು ದಾಟಿ, ಮಸಿನಗುಡಿಯಲ್ಲಿ ಸೈಕಲ್ ಇಳಿಸಿದೆವು. (ಕಾಡಿನೊಳಗೆ ತುಳಿಯುವ ಆಸೆ ಇಟ್ಟುಕೊಳ್ಳಬೇಡಿ. ಆನೆಗೆ ನಿಮ್ಮ ಕಾರ್ಬನ್ ವೀಲ್ ಬೆಲೆ ಗೊತ್ತಿಲ್ಲ.)

ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ನಂಬರ್ ಬರೆದಿರುವುದರಿಂದ ಎಷ್ಟು ಹತ್ತಿದೆ ಅನ್ನುವುದಕ್ಕಿಂತ ಎಷ್ಟು ಬಾಕಿ ಅನ್ನುವುದೇ ಕಣ್ಣಿಗೆ ಹೊಡೆಯುತ್ತದೆ. ಮೊದಲ ಹತ್ತು ತಿರುವು ಹುಮ್ಮಸ್ಸಿನಲ್ಲೇ ಮುಗಿದವು. ಹನ್ನೆರಡರ ಹತ್ತಿರ ಬಲಗೈ ತಾನಾಗಿಯೇ ಗೇರ್ ಲಿವರ್ ಒತ್ತಿತು. ಟಕ್. ಏನೂ ಆಗಲಿಲ್ಲ. ಅದಾಗಲೇ ಕೊನೇ, ಎಲ್ಲಕ್ಕಿಂತ ಹಗುರದ ಗೇರಿನಲ್ಲಿತ್ತು. ತಲೆ ಬಗ್ಗಿಸಿ ಕಾಲ ಸಂದಿಯಿಂದ ಹಿಂದೆ ನೋಡಿದೆ. ಚೈನು ದೊಡ್ಡ ಹಲ್ಲಿನ ಮೇಲೇ ಕೂತಿದೆ. ಆದರೂ ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿದೆ, ಎಲ್ಲಾದರೂ ಇನ್ನೊಂದು ಅವಿತುಕೊಂಡಿರಬಹುದೇನೋ ಅಂತ. ಟಕ್. ಸೈಕಲ್ ತುಳಿಯುವವರಿಗೆ ಆ ಪೊಳ್ಳು ಸದ್ದು ಗೊತ್ತು.

ಹತ್ತೊಂಬತ್ತರಲ್ಲಿ ಮಂಡಿಚಿಪ್ಪಿನ ಹಿಂದೆ ಸೂಜಿ ಚುಚ್ಚಿದ ಹಾಗಾಯಿತು. ಇಪ್ಪತ್ತೇಳರಲ್ಲಿ ಇಳಿದೆ. ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಶೂನಲ್ಲಿ ಡಾಂಬರಿನ ಮೇಲೆ ಟಕ್ಕು ಟಕ್ಕು ಅಂತ ನಡೆಯುತ್ತಾ ಸೈಕಲ್ ತಳ್ಳಿದೆ. ಮುಂದೆ ಹೋಗಿದ್ದ ಗೆಳೆಯ ವಾಪಸ್ ಇಳಿದು ಬಂದ. ನನ್ನ ಮುಖ ನೋಡಲಿಲ್ಲ, ಕ್ಯಾಸೆಟ್ ನೋಡಿದ. ಬೆರಳಿಟ್ಟು ಒಂದು, ಎರಡು ಅಂತ ಎಣಿಸಿದ. "ಲೋ, ಇಪ್ಪತ್ತೆಂಟು ಹಾಕ್ಕೊಂಡು ಕಲ್ಲಟ್ಟಿಗೆ ಬಂದಿದ್ದೀಯಾ? ಆ ಬಾಲ್ಕನಿ ಸೈಕಲ್ಲೇ ತರೋದಲ್ವೇನೋ?" ಅಂದ.

ಮಿಕ್ಕ ಎರಡು ದಿನ ಟೆಂಪೋದಲ್ಲಿ ಕೂತು ಅವರ ನೀರಿನ ಬಾಟಲಿ ತುಂಬಿಸಿಕೊಟ್ಟೆ. ಊರಿಗೆ ಬಂದ ಮೇಲೆ ಆರು ವಾರ ಪೆಡಲ್ ಮುಟ್ಟಲಿಲ್ಲ. ಜನವರಿಯಲ್ಲಿ 200 ಕಿ.ಮೀ. ಬ್ರೆವೆಗೆ ಹೆಸರು ಕೊಟ್ಟಿದ್ದೆ, ಗಡುವಿನೊಳಗೆ ತುಳಿದು ಮುಗಿಸುವ ದೂರದ ಸವಾರಿ, ಹದಿಮೂರೂವರೆ ಗಂಟೆಯಲ್ಲಿ ಮುಗಿಸುವಂಥದ್ದು. ಅದೂ ಹೋಯಿತು.

ಕ್ಯಾಸೆಟ್ ಬದಲಾಯಿಸಿದ್ದರೆ ಆಗುತ್ತಿರಲಿಲ್ಲವಾ ಅಂತ ನೀವು ಕೇಳಬಹುದು. ಆಗುತ್ತಿತ್ತು, ಆದರೆ ಗುಂಡ್ಲುಪೇಟೆಯಲ್ಲಿ ಅಲ್ಲ. ನನ್ನ ಸೈಕಲ್ಲಿಗೆ ಇದ್ದದ್ದು ಶಿಮಾನೊ 105 ಆರ್7000 ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ), ಗಿಡ್ಡ ಕೇಜಿನದು, ಅಂದರೆ ಚೈನು ಬಿಗಿ ಹಿಡಿಯುವ ಅದರ ತೋಳು ಗಿಡ್ಡ. ಅದಕ್ಕೆ ಕಂಪನಿ ಹೇಳುವ ಮಿತಿ 30 ಹಲ್ಲು. ಉದ್ದ ಕೇಜಿನದಾದರೆ 34ರ ತನಕ ಹೋಗುತ್ತದೆ. ಅಂದರೆ ಡಿರೇಲರ್, ಕ್ಯಾಸೆಟ್, ಸ್ವಲ್ಪ ಉದ್ದದ ಚೈನು, ಮೂರೂ ಬೇಕು. ಆಮೇಲೆ ಹಾಕಿಸಿದೆ, ನನಗೆ ಹತ್ತು ಸಾವಿರದೊಳಗೆ ಮುಗಿಯಿತು. ಮುಂದೆ 36, ಹಿಂದೆ 34. ಭಾಗಿಸಿ ನೋಡಿ, ಹೆಚ್ಚುಕಡಿಮೆ ನನ್ನ ಹಳೇ ಸೈಕಲ್ಲಿನ ಗೇರೇ ಬಂತು.

ಈಗ ನಿಮ್ಮ ಪ್ರಶ್ನೆ. ಕಾರ್ಬನ್ ವೀಲ್ ಬೇಡ. ಅದರಿಂದ 400 ಗ್ರಾಂ ಉಳಿಯಿತು ಅನ್ನಿ. 80 ಕೆಜಿಯಲ್ಲಿ ಅದು ಅರ್ಧ ಪರ್ಸೆಂಟ್. ಒಂದೂವರೆ ಗಂಟೆಯ ಏರಿನಲ್ಲಿ ಹೆಚ್ಚೆಂದರೆ 27 ಸೆಕೆಂಡ್. ಮೂಗು ಒರೆಸಿಕೊಳ್ಳಲು ನಿಂತರೆ ಮುಗಿಯಿತು. ನಿಮ್ಮದು ರಿಮ್ ಬ್ರೇಕ್ (ವೀಲಿನ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಆಗಿದ್ದರಂತೂ ಊಟಿಯಿಂದ ಇಳಿಯುವಾಗ ಕಾರ್ಬನ್ ರಿಮ್ ಬಿಸಿಯಾಗುತ್ತದೆ, ಆ ತಲೆನೋವು ಬೇರೆ.

ಟ್ರೇನರ್? ಅದೂ ಬೇಡ. ನೀವು ಮಳೆಗಾಲಕ್ಕೆ "ಆಫ್ ಸೀಸನ್" (ರೇಸ್ ಇಲ್ಲದ ಬಿಡುವಿನ ತಿಂಗಳುಗಳು) ಅಂತ ಬರೆದಿದ್ದೀರಿ. ಆ ಮಾತು ಬಂದಿರುವುದು ಹಿಮ ಬೀಳುವ ಊರಿನಿಂದ, ವರ್ಷದಲ್ಲಿ ಎಷ್ಟೋ ದಿನ ರೇಸ್ ಓಡಿ ದೇಹ ಸುಸ್ತಾದವರಿಂದ. ನೀವು ಶನಿವಾರ, ಭಾನುವಾರ ಸೇರಿ 120 ಕಿ.ಮೀ. ತುಳಿಯುತ್ತೇನೆ ಅಂದಿದ್ದೀರಿ. ನಿಮಗೆ ಸೀಸನ್ನೇ ಇಲ್ಲ, ಆಫ್ ಎಲ್ಲಿಂದ ಬಂತು? ಬೇಜಾರು ಮಾಡ್ಕೋಬೇಡಿ, ನನಗೂ ಇಲ್ಲ. ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆಯ ಗಿರಾಕಿ. ಬೆಳಗ್ಗೆ ರಸ್ತೆ ಒದ್ದೆ ಇರುತ್ತದೆ, ಅಷ್ಟೇ. ಒಂದು ಮಡ್‌ಗಾರ್ಡ್ ಹಾಕಿ, ಹಿಂದೆ ಮುಂದೆ ಲೈಟ್ ಹಾಕಿ, ಫ್ರೇಮಿನಲ್ಲಿ ಜಾಗ ಇದ್ದರೆ 28 ಮಿ.ಮೀ. ಅಗಲದ ಟೈರ್ ಹಾಕಿ ಗಾಳಿ ಸ್ವಲ್ಪ ಕಮ್ಮಿ ಇಡಿ. ಜೀಬ್ರಾ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ ಬಂದಾಗ ಹ್ಯಾಂಡಲ್ ತಿರುಗಿಸಬೇಡಿ. ಮನೆಗೆ ಬಂದ ತಕ್ಷಣ ಚೈನ್ ಒರೆಸಿ ಎಣ್ಣೆ ಬಿಡಿ. ನಾಳೆ ಮಾಡೋಣ ಅಂದರೆ ನಾಳೆಗೆ ಕೆಂಪಗಾಗಿರುತ್ತದೆ.

ಮುಖ್ಯವಾಗಿ, ಊಟಿಗೆ ಒಯ್ಯುವ ಸೈಕಲ್ಲನ್ನೇ ತುಳಿಯಿರಿ. ವಾರಕ್ಕೊಮ್ಮೆ ನಂದಿ. ಅಲ್ಲಿ ಬೇಕೆಂದೇ ಒಂದು ಗೇರ್ ಭಾರ ಇಟ್ಟು, ನಿಮಿಷಕ್ಕೆ 55-60 ಸುತ್ತಿನಲ್ಲಿ ಐದೈದು ನಿಮಿಷ ಕೂತೇ ತುಳಿಯಿರಿ. ಮೊದಲ ವಾರ ಅಂಥ ಐದು ನಿಮಿಷ ಎರಡು ಸಲ ಸಾಕು, ನಿಧಾನಕ್ಕೆ ನಾಲ್ಕಕ್ಕೆ ಏರಿಸಿ. ಮಂಡಿ ಎಳೆದರೆ ನಿಲ್ಲಿಸಿ, ಗಂಡಸ್ತನ ತೋರಿಸಲು ಹೋಗಬೇಡಿ. ಉಳಿದ ದುಡ್ಡಿನಲ್ಲಿ ಡಿಸೆಂಬರಿಗೂ ಮುಂಚೆ ಒಂದು ಸಲ ಆಗುಂಬೆಗೆ ಹೋಗಿ ಬನ್ನಿ. ಸೋಮೇಶ್ವರದ ಕಡೆಯಿಂದ ಹತ್ತಿದರೆ 14 ತಿರುವು, ಘಾಟಿ ಅಂದರೇನು ಅಂತ ಕಾಲಿಗೆ ಗೊತ್ತಾಗುತ್ತದೆ. ಊಟಿಗೆ ಹೋಗುವ ಗಾಡಿಗೆ ಈಗ ಇ-ಪಾಸ್ ಬೇಕು, ಟೆಂಪೋದವನಿಗೆ ಮೊದಲೇ ಹೇಳಿಡಿ.

2023ರ ಮಳೆಗಾಲ ಪೂರ್ತಿ ನಾನು ಆ ಕಾರ್ಬನ್ ಸೈಕಲ್ಲನ್ನು ಕೆಸರಿನಲ್ಲೇ ಓಡಿಸಿದೆ. ಈಗ ಅದರ ಮೈತುಂಬ ಗೀರು. 2024ರ ಫೆಬ್ರುವರಿಯಲ್ಲಿ ಮತ್ತೆ ಮಸಿನಗುಡಿಯಿಂದ ಹೊರಟೆ. ಇಪ್ಪತ್ತೇಳನೇ ತಿರುವಿನಲ್ಲಿ ಸುಮ್ನೆ ಒಂದು ಸಲ ಲಿವರ್ ಒತ್ತಿದೆ. ಚೈನು ಹತ್ತಿ ಕೂತಿತು, ಇನ್ನೊಂದು ಗೇರ್ ಬಾಕಿ ಇತ್ತು.

ಇವತ್ತು ರಾತ್ರಿ ನಿಮ್ಮ ಸೈಕಲ್ ತಲೆಕೆಳಗೆ ಮಾಡಿ, ಮುಂದಿನ ಚಿಕ್ಕದು ಹಿಂದಿನ ದೊಡ್ಡದು ಎರಡರ ಹಲ್ಲನ್ನೂ ಎಣಿಸಿ ಕೆಳಗೆ ಬರೆಯಿರಿ. ಡಿರೇಲರ್ ಮೇಲಿರುವ ನಂಬರನ್ನೂ ಬರೆಯಿರಿ. ಏನು ಕೂರುತ್ತದೆ ಅಂತ ನೋಡಿ ಹೇಳುತ್ತೇನೆ.